ಲೋಕಾಯುಕ್ತರೂ ನಮ್ಮೂರ ಪುರಸಭೆಯೂ

ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಒಂದು ಜಿಲ್ಲೆಯ ಹೆಸರಾಗಿತ್ತು. ಕಚೇರಿಗಳು ಮಾತ್ರ ಚಿಕ್ಕಮಗಳೂರಿನಲ್ಲಿದ್ದವು. 1947ರಲ್ಲಿ ಜಿಲ್ಲೆಯ ಹೆಸರೂ ಕಚೇರಿಗಳಿದ್ದ ಊರಿಗೇ ಸಂದಿತು. ಅಧಿಕಾರವೆಂಬುದು ಒಂದು ಪ್ರಯಾಣದಷ್ಟು ದೂರದಲ್ಲಿರುತ್ತದೆ ಎಂಬ ತಿಳಿವಳಿಕೆ ಈ ಸೀಮೆಯವರಿಗೆ ಹೊಸದಲ್ಲ. ಕೈಗೆಟಕುವಂತಿರುವುದು ಪುರಸಭೆಯೊಂದೇ. ಕಡೂರಿಗೂ ತರೀಕೆರೆಗೂ ಪುರಸಭೆಗಳಿವೆ. ತರೀಕೆರೆಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ಅಜ್ಜಂಪುರಕ್ಕೆ ಪಟ್ಟಣ ಪಂಚಾಯಿತಿ. ನಲ್ಲಿಯ ನೀರು, ಚರಂಡಿ, ಬೀದಿದೀಪ, ಮನೆಯ ಖಾತೆ, ಇವುಗಳಿಗಾಗಿ ಜನ ಮೆಟ್ಟಿಲು ಹತ್ತುವುದು ಅಲ್ಲಿಯೇ. ಹತ್ತಿ ಹತ್ತಿ ಬೇಸತ್ತವರು ಕೊನೆಗೆ “ಲೋಕಾಯುಕ್ತರಿಗೆ ಬರೆಯುತ್ತೇನೆ” ಎನ್ನುತ್ತಾರೆ. ಬರೆದರೆ ಎಷ್ಟು ಮಟ್ಟಿಗೆ ಫಲ ದೊರೆತೀತು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ನಮ್ಮ ರಾಜ್ಯದಲ್ಲಿ 1984ರ ಅಧಿನಿಯಮದ ಮೇರೆಗೆ ಲೋಕಾಯುಕ್ತ ಸಂಸ್ಥೆ 1986ರಲ್ಲಿ ಕೆಲಸ ಆರಂಭಿಸಿತು. ಪುರಸಭೆಯ ನೌಕರರೂ ಚುನಾಯಿತ ಸದಸ್ಯರೂ ಅದರ ವ್ಯಾಪ್ತಿಗೆ ಒಳಪಟ್ಟವರು. ಅವರ ಮೇಲಣ ದೂರುಗಳನ್ನು ಸಾಮಾನ್ಯವಾಗಿ ಪರಿಶೀಲಿಸುವವರು ಉಪಲೋಕಾಯುಕ್ತರು. ಲಂಚಕೋರರನ್ನು ಹಿಡಿಯುವ ಪೊಲೀಸ್ ವಿಭಾಗದ ಕಥೆ ಬೇರೆ. ಆ ಕೆಲಸವನ್ನು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳಕ್ಕೆ ವಹಿಸಲಾಯಿತು; 2022ರಲ್ಲಿ ಉಚ್ಚ ನ್ಯಾಯಾಲಯ ಆ ದಳವನ್ನೇ ರದ್ದುಪಡಿಸಿದ ಮೇಲೆ ಅದು ಲೋಕಾಯುಕ್ತಕ್ಕೆ ಮರಳಿತು. ಪತ್ರಿಕೆಗಳಲ್ಲಿ ನಾವು ಓದುವುದು ಬಹುಮಟ್ಟಿಗೆ ಅದನ್ನೇ. ನಾನು ಹೇಳಹೊರಟಿರುವುದು ಲಂಚವಿಲ್ಲದ ಅನ್ಯಾಯದ ವಿಷಯ.

ಕಾಯಿದೆ ದೂರುಗಳನ್ನು ಎರಡಾಗಿ ವಿಂಗಡಿಸುತ್ತದೆ. ಅಧಿಕಾರ ದುರುಪಯೋಗ, ಭ್ರಷ್ಟಾಚಾರ ಮೊದಲಾದವು ಆಪಾದನೆ. ಆಡಳಿತದ ಲೋಪದಿಂದ ಒಬ್ಬರಿಗೆ ಉಂಟಾದ ಅನ್ಯಾಯ ಅಥವಾ ಅತಿಯಾದ ತೊಂದರೆ ಕುಂದುಕೊರತೆ. ಆಪಾದನೆಗೆ ಐದು ವರ್ಷಗಳ ಕಾಲಾವಕಾಶವಿದೆ. ಕುಂದುಕೊರತೆಗಾದರೋ, ವಿಷಯ ತಿಳಿದ ದಿನದಿಂದ ಆರೇ ತಿಂಗಳು. ಗಂಡ ತೀರಿಹೋದ ಮೇಲೆ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಅಜ್ಜಂಪುರದ ಒಬ್ಬಾಕೆ ಅಲೆಯುತ್ತಿದ್ದಾಳೆಂದು ಭಾವಿಸಿ. ಯಾರೂ ಆಕೆಯನ್ನು ಗದರಿಸುವುದಿಲ್ಲ, ಹಣವನ್ನೂ ಕೇಳುವುದಿಲ್ಲ. “ನಾಳೆ ಬನ್ನಿ ಅಮ್ಮಾ” ಎಂದಷ್ಟೇ ಹೇಳುತ್ತಾರೆ. ಇಂತಹ ನಾಳೆಗಳಲ್ಲಿ ಆರು ತಿಂಗಳು ಕಳೆಯುವುದು ಎಷ್ಟು ಹೊತ್ತು? ತಕ್ಕ ಕಾರಣ ತೋರಿಸಿದರೆ ತಡವಾದ ದೂರನ್ನೂ ಸ್ವೀಕರಿಸಬಹುದು, ನಿಜ. ಆದರೆ ಆ ಕಾರಣವನ್ನು ಬರೆದು ರುಜುವಾತುಪಡಿಸುವ ಹೊಣೆ ಆಕೆಯದೇ. ಮೇಲ್ಮನವಿಯ ದಾರಿ ಬೇರೆಡೆ ಇದ್ದರೆ ಸಾಮಾನ್ಯವಾಗಿ ಅವರು ಕೈಹಾಕುವಂತಿಲ್ಲ ಎಂಬುದು ಇನ್ನೊಂದು ತೊಡಕು.

ಇದಕ್ಕಿಂತ ಸೂಕ್ಷ್ಮವಾದುದು ವಿವೇಚನೆಯ ಪ್ರಶ್ನೆ. ಇರುವ ಹಣದಲ್ಲಿ ಕೋಟೆಯ ಚರಂಡಿ ಮೊದಲೋ ಪೇಟೆಯ ರಸ್ತೆ ಮೊದಲೋ ಎಂದು ಸಭೆ ತೀರ್ಮಾನಿಸಿದರೆ, ಆ ತೀರ್ಮಾನ ತಪ್ಪೆಂದು ತೋರಿದರೂ ಲೋಕಾಯುಕ್ತರು ಅದನ್ನು ಪ್ರಶ್ನಿಸಲಾರರು. ವಿವೇಚನೆಯನ್ನು ಬಳಸಲೇ ಇಲ್ಲವೆನ್ನುವಷ್ಟು ಅದು ದೋಷಪೂರ್ಣವಾಗಿದ್ದರೆ ಮಾತ್ರ ಸಾಧ್ಯ. ಮೇಲಾಗಿ ಕಾಯಿದೆಯ ದೃಷ್ಟಿ ನೆಟ್ಟಿರುವುದು ಸಾರ್ವಜನಿಕ ನೌಕರನೆಂಬ ವ್ಯಕ್ತಿಯ ಮೇಲೆ. ಇಡೀ ಸಭೆ ಕೈಯೆತ್ತಿ ಮಾಡಿದ ಠರಾವಿನಲ್ಲಿ ಯಾರ ಕೈಯನ್ನು ಹಿಡಿಯುವುದು? ಠರಾವು ಕಾನೂನಿಗೆ ವಿರುದ್ಧವಾಗಿದ್ದರೆ 1964ರ ಪುರಸಭೆಗಳ ಅಧಿನಿಯಮದಂತೆ ಜಿಲ್ಲಾಧಿಕಾರಿಗಳು ತಡೆಹಿಡಿಯಬಹುದು. ಅವಿವೇಕದ ಠರಾವಿಗೆ ಮದ್ದು ಚುನಾವಣೆಯೇ. ಈ ಮಿತಿಯ ಬಗ್ಗೆ ನನಗೆ ತಕರಾರಿಲ್ಲ. ಕಡೂರಿನ ಬೀದಿಗಳ ಸರದಿಯನ್ನು ಬೆಂಗಳೂರಿನಲ್ಲಿ ಕುಳಿತ ನಿವೃತ್ತ ನ್ಯಾಯಮೂರ್ತಿಗಳು ಗೊತ್ತುಮಾಡುವುದಾದರೆ ಕಡೂರಿಗೆ ಪುರಸಭೆಯಾದರೂ ಏಕೆ?

ಈ ಸಂಕೋಚ ನಮ್ಮೊಬ್ಬರದೇ ಅಲ್ಲ. ಇಂತಹ ಅಧಿಕಾರಿಯನ್ನು ಜಗತ್ತಿಗೆ ಪರಿಚಯಿಸಿದ ಸ್ವೀಡನ್ ದೇಶ 1809ರಲ್ಲಿಯೇ ಆ ಸ್ಥಾನವನ್ನು ನಿರ್ಮಿಸಿದರೂ, ಪೌರಸಭೆಗಳನ್ನು ಅದರ ವ್ಯಾಪ್ತಿಗೆ ತಂದದ್ದು 1957ರಲ್ಲಿ. ಇಂಗ್ಲೆಂಡಿನ 1974ರ ಕಾನೂನು, ಊರಿನ ಎಲ್ಲರಿಗೂ ಅಥವಾ ಬಹುಪಾಲು ಜನರಿಗೂ ಸಂಬಂಧಿಸಿದ ಕ್ರಮವನ್ನು ತನಿಖೆ ಮಾಡಕೂಡದೆಂದು ವಿಧಿಸಿತು. ಒಬ್ಬನ ನಲ್ಲಿ ಒಣಗಿದರೆ ದೂರು. ಊರಿಗೆ ಊರೇ ಒಣಗಿದರೆ ಅದು ರಾಜಕೀಯ! ಬರವನ್ನು ಕಂಡ ಕಡೂರಿನವರು ಇದನ್ನು ಕೇಳಿ ನಕ್ಕಾರು.

ನನ್ನ ತಕರಾರಿರುವುದು ತನಿಖೆಯ ಮುಂದಿನ ಹಂತದಲ್ಲಿ. ಅನ್ಯಾಯವಾಗಿದೆ ಎಂದು ಕಂಡುಬಂದರೂ ಅವರು ಮಾಡಬಲ್ಲದ್ದು ಶಿಫಾರಸು. ಸಂಬಂಧಪಟ್ಟ ಪ್ರಾಧಿಕಾರ ತೃಪ್ತಿಕರವಾಗಿ ನಡೆದುಕೊಳ್ಳದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ, ಅಲ್ಲಿಂದ ಅದು ಶಾಸನಸಭೆಯ ಮುಂದೆ. ಒಂದು ಖಾತೆಗಾಗಿ ಇಷ್ಟು ದೂರದ ಯಾತ್ರೆ! ನೆರೆಯ ಕೇರಳ ಸ್ಥಳೀಯ ಸಂಸ್ಥೆಗಳಿಗೆಂದೇ ಪ್ರತ್ಯೇಕ ಓಂಬುಡ್ಸ್‌ಮನ್‌ನನ್ನು 2000ದಲ್ಲಿ ನೇಮಿಸಿತು. ನಷ್ಟ ಪರಿಹಾರ ಕೊಡಿಸುವ ಅಧಿಕಾರವೂ ಆ ಸ್ಥಾನಕ್ಕುಂಟು. ಕಾಸರಗೋಡಿನ ಕನ್ನಡಿಗನಿಗೆ ದೊರೆಯುವ ಈ ಬಾಗಿಲು ತರೀಕೆರೆಯ ಕನ್ನಡಿಗನಿಗೆ ತೆರೆದಿಲ್ಲ. ವಿವೇಚನೆಯನ್ನು ಸಭೆಗೇ ಬಿಡಲಿ. ವಿಳಂಬವನ್ನಾದರೂ ಶಿಫಾರಸಿಗೆ ನಿಲ್ಲಿಸದೆ ಆಜ್ಞೆಯಿಂದ ಸರಿಪಡಿಸುವ ಅಧಿಕಾರ ನಮ್ಮಲ್ಲೂ ಇರಬೇಕೆಂದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಅಜ್ಜಂಪುರದ ಆ ತಾಯಿ ಏನು ಮಾಡಬಹುದು? ಬಾಯಿಮಾತಿನ “ನಾಳೆ”ಯನ್ನು ಒಪ್ಪಬಾರದು. ಅರ್ಜಿಗೆ ಮೊಹರು, ತಾರೀಖುಗಳುಳ್ಳ ಸ್ವೀಕೃತಿಯನ್ನೂ, ಕೆಲಸವಾಗದಿದ್ದರೆ ಕಾರಣ ಕಾಣಿಸಿದ ಹಿಂಬರಹವನ್ನೂ ಕೇಳಿ ಪಡೆಯಬೇಕು. ಗೊತ್ತಾದ ನಮೂನೆಯಲ್ಲಿ, ಪ್ರಮಾಣಪತ್ರದೊಡನೆ, ಆರು ತಿಂಗಳು ತುಂಬುವ ಮೊದಲೇ ದೂರನ್ನು ಸಲ್ಲಿಸಬೇಕು. ಆ ಆರು ತಿಂಗಳ ಎಣಿಕೆಗೆ ಹಿಂಬರಹದ ಮೇಲಿನ ತಾರೀಖು ಆಕೆಯ ನೆರವಿಗೆ ಬರುತ್ತದೆ.