ಸಂಪರ್ಕ ಕಡಿದಾಗ ಸುರಕ್ಷತೆ ಸಡಿಲವಾಗದಿರಲಿ
(ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ಬೂವನಹಳ್ಳಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಪಡೆಯಲು ವೃದ್ಧರೊಬ್ಬರು ಬೆಳಗ್ಗೆಯೇ ಬಂದು ಕುಳಿತಿದ್ದಾರೆಂದು ಭಾವಿಸೋಣ. ಅವರ ಮನೆಯ ದಾಖಲೆ ಪಂಚಾಯಿತಿಯ ಗಣಕಯಂತ್ರದಲ್ಲಿಲ್ಲ. ದೂರದ ದತ್ತಾಂಶ ಕೇಂದ್ರದಲ್ಲಿದೆ. ನಡುವಿನ ಸಂಪರ್ಕ ಕಡಿದರೆ, ಬಾಗಿಲು ತೆರೆದಿದ್ದರೂ ಕಚೇರಿ ಮುಚ್ಚಿದಂತೆಯೇ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಅನುಮೋದನೆ ನೀಡಿತು. ಇಂದಿನ ಭಾರತ್‌ನೆಟ್ ಅದೇ. ಈ ಕೇಬಲ್‌ಗೆ ದೊಡ್ಡ ಶತ್ರು ಜೆಸಿಬಿ. ಹಾಸನ ನಗರದ ಅಂಚಿನಲ್ಲಿ, ವಿಮಾನ ನಿಲ್ದಾಣದ ಕಾಮಗಾರಿಯ ಮಗ್ಗುಲಲ್ಲಿರುವ ಬೂವನಹಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. (ಪಂಚಾಯಿತಿ ರಸ್ತೆ ಅಗೆಯಲು ಅನುಮತಿ ನೀಡುವವರೂ ಪಂಚಾಯಿತಿಯವರೇ ಎಂಬುದನ್ನೂ ಮರೆಯಬಾರದು.)

ದೊಡ್ಡ ಕ್ಲೌಡ್ ಸಂಸ್ಥೆಗಳು ಕಡಿತವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿವೆ. ಅಮೆಜಾನ್‌ನ ಕ್ಲೌಡ್ ಸೇವೆಯು ಕಚೇರಿಯೊಂದಕ್ಕೆ ವಿಪಿಎನ್ ಸಂಪರ್ಕ ನೀಡುವಾಗ ಗೂಢಲಿಪಿಯಿಂದ ರಕ್ಷಿತವಾದ ಎರಡು ಸುರಂಗಗಳನ್ನು ಒದಗಿಸುತ್ತದೆ. ಒಂದರಲ್ಲಿ ದುರಸ್ತಿ ನಡೆದರೆ ಸಂಚಾರ ಇನ್ನೊಂದಕ್ಕೆ ಹೊರಳುತ್ತದೆ. ಒಂದನ್ನೇ ಹೊಂದಿಸಿ ಕೆಲಸ ಮುಗಿಯಿತೆಂದು ಭಾವಿಸಿದವರಿಗೆ ಆ ದಿನ ಸೇವೆಯಿಲ್ಲ. ಆದರೆ ಎರಡು ಸುರಂಗಗಳೂ ಕಚೇರಿಯಿಂದ ಒಂದೇ ಕೇಬಲ್‌ನಲ್ಲಿ ಹೊರಟರೆ ಜೆಸಿಬಿಗೆ ಅವು ಒಂದೇ. ಇಬ್ಬರು ಸೇವಾದಾರರ ಕೇಬಲ್‌ಗಳು ಒಂದೇ ಗುಂಡಿಯಲ್ಲಿ ಮಲಗಿದ್ದರೂ ಫಲವಿಲ್ಲ. ಒಂದು ದಾರಿ ನೆಲದಡಿಯದಾದರೆ ಇನ್ನೊಂದು ಮೊಬೈಲ್ ಸಿಮ್‌ನದಾಗಿರಲಿ. ಎರಡಕ್ಕೂ ಯುಪಿಎಸ್ ಇರಲಿ.

ನಿಜವಾದ ಅಪಾಯ ಕಡಿತದ ನಂತರದ ಆತುರದಲ್ಲಿದೆ. ಸರದಿ ಬೆಳೆಯುತ್ತಿದ್ದಂತೆ ಸಿಬ್ಬಂದಿ ಯಾರದೋ ಹಾಟ್‌ಸ್ಪಾಟ್‌ಗೆ ಜೋಡಿಸುತ್ತಾರೆ, ಪಾಸ್‌ವರ್ಡನ್ನು ದೂರವಾಣಿಯಲ್ಲಿ ಹೇಳುತ್ತಾರೆ, ಡಿಜಿಟಲ್ ಸಹಿಯ ಕೀಲಿಯನ್ನು ಬೇರೆಯವರ ಕೈಗಿಡುತ್ತಾರೆ. ಹಳೆಯ ಗಣಕಯಂತ್ರದ ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಆಗ ಬ್ರೌಸರ್ ಜಾಲತಾಣದ ಪ್ರಮಾಣಪತ್ರವನ್ನು ಒಪ್ಪದು. ಎಚ್ಚರಿಕೆಯನ್ನು ದಾಟಿ ಮುಂದುವರಿಯುವುದು ಬೀಗ ಒಡೆದು ಒಳಹೊಕ್ಕಂತೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಬೇಕು. ಒಮ್ಮೆ ಎಚ್ಚರಿಕೆ ದಾಟುವುದನ್ನು ಕಲಿತವರು ನಿಜವಾದ ವಂಚನೆ ಎದುರಾದಾಗಲೂ ದಾಟುತ್ತಾರೆ.

ತೆರಿಗೆ ಪಾವತಿಯ ನಡುವೆ ಸಂಪರ್ಕ ತಪ್ಪಿದರೆ ಮತ್ತೆ ಗುಂಡಿ ಒತ್ತುವ ಮೊದಲು ಆ ಸ್ವತ್ತಿನ ಖಾತೆಯಲ್ಲಿ ಹಣ ಜಮೆಯಾಗಿದೆಯೇ ಎಂದು ನೋಡತಕ್ಕದ್ದು. ರಸೀದಿ ಬಾರದಿದ್ದ ಮಾತ್ರಕ್ಕೆ ಹಣ ಹೋಗಿಲ್ಲವೆಂದಲ್ಲ.

ತಿಂಗಳಿಗೊಮ್ಮೆ, ಜನ ಕಡಿಮೆಯಿರುವ ಮಧ್ಯಾಹ್ನ, ರೂಟರ್‌ನಿಂದ ಮುಖ್ಯ ಕೇಬಲ್ ಕಳಚಿ ಎರಡನೆಯ ದಾರಿ ನಡೆಯುವುದೇ ಎಂದು ಪರೀಕ್ಷಿಸಬೇಕು. ಸಿಮ್‌ನ ರೀಚಾರ್ಜ್ ಮುಗಿದಿರುವುದು ಆ ಮಧ್ಯಾಹ್ನವೇ ತಿಳಿಯಲಿ.