ಹುರುಳಿ ಬೇಯುವ ಹೊತ್ತಿಗೆ ಮೂರು ಹೆಸರು

ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ಬೆಕ್ಕಿಗೆ ಕೊತ್ತಿ ಎನ್ನುತ್ತಾರೆ. ದಸರಾ ರಜೆಗೆ ಚಾಮರಾಜನಗರದಿಂದ ಅಣ್ಣನ ಮಕ್ಕಳಿಬ್ಬರು ಬಂದಾಗ ಅವ್ವ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು, “ಸದ್ದು ಮಾಡ್ಬೇಡಿ, ಕೊತ್ತಿ ಮೂರು ಮರಿ ಹಾಕದ” ಅಂದಳು.

ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೇ ಮಂಕರಿ. ಅದರೊಳಗೆ ಹರಿದ ಸೀರೆ, ಸೀರೆಯ ಮೇಲೆ ಮೂರು ಮರಿ. ಹುಟ್ಟಿ ಮೂರು ವಾರವಾಗಿತ್ತು. ಒಂದರ ಮೈಮೇಲೆ ಬೂದುಬಣ್ಣದ ಪಟ್ಟೆ, ಇನ್ನೊಂದು ಪೂರ್ತಿ ಕಪ್ಪು, ಮೂರನೆಯದು ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದ್ದು. ಒಂದರ ಮೇಲೊಂದು ಬಿದ್ದು ಮಲಗಿದ್ದವು. ಎಳೆ ಮರಿಗಳಿಗೆ ಮೈ ಬಿಸಿಯನ್ನು ತಾವಾಗಿಯೇ ಕಾಪಾಡಿಕೊಳ್ಳಲು ಬರುವುದಿಲ್ಲ. ದೊಡ್ಡ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮ್ಮ ಮೈಗಿಂತ ತುಸು ಹೆಚ್ಚು ಬಿಸಿ. ಆ ಬಿಸಿಯನ್ನು ಮರಿಗಳು ತಾಯಿಯಿಂದ, ಒಂದರಿಂದ ಇನ್ನೊಂದು ಎರವಲು ಪಡೆಯುತ್ತವೆ. ತಾಯಿಕೊತ್ತಿ ಒಲೆಯ ಹತ್ತಿರದ ಮೂಲೆಯನ್ನೇ ಆರಿಸಿಕೊಂಡದ್ದು ನನಗಂತೂ ಬಲು ಜಾಣತನವೆನಿಸಿತು.

ಒಲೆಯ ಮೇಲೆ ಮಣ್ಣಿನ ಮಡಕೆ, ಮಡಕೆಯಲ್ಲಿ ರಾತ್ರಿಯೆಲ್ಲ ನೆನೆದ ಹುರುಳಿಕಾಳು. ಊಟದೊಳಗೆ ಮೂರಕ್ಕೂ ಹೆಸರಿಡಲೇಬೇಕು ಎಂದು ಮಕ್ಕಳು ಕೂತರು.

“ಅತ್ತೆ, ಈ ಕರಿಯದ್ದಕ್ಕೆ ನೀಲಿ ಅಂತ ಇಡೋಣ, ಕಣ್ಣು ನೋಡಿ ಎಷ್ಟು ನೀಲಿ!” ಎಂದಳು ದೊಡ್ಡವಳು.

“ಉಳಿದ ಎರಡರ ಕಣ್ಣೂ ನೋಡು” ಅಂದೆ. ಅವೂ ನೀಲಿಯೇ! ಬೆಕ್ಕಿನ ಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ. ಒಂದೆರಡು ವಾರದೊಳಗೆ ಕಣ್ಣು ತೆರೆದಾಗ ಎಲ್ಲ ಮರಿಗಳದ್ದೂ ನೀಲಿ. ಆದರೆ ಆ ಕಣ್ಣಿನಲ್ಲಿ ನೀಲಿ ಬಣ್ಣದ ವಸ್ತು ಏನೂ ಇರುವುದಿಲ್ಲ. ಹಿತ್ತಲಿಗೆ ಹೋಗಿ ನಿಂತರೆ ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ ಕಾಣುತ್ತದಲ್ಲ, ಹತ್ತಿರ ಹೋದರೆ ಅದು ಹಸಿರು. ನಡುವೆ ಇರುವ ಗಾಳಿ ಬೆಳಕಿನಲ್ಲಿರುವ ನೀಲಿಯನ್ನು ಹೆಚ್ಚು ಚದುರಿಸುತ್ತದೆ, ಅದು ನಮ್ಮ ಕಣ್ಣಿಗೆ ಬರುತ್ತದೆ. ಮರಿಯ ಕಣ್ಣಿನ ಪಾಪೆಯ ಸುತ್ತಲಿನ ಪೊರೆಯಲ್ಲೂ ಬೆಳಕು ಹೀಗೆಯೇ ಚದುರುತ್ತದೆ. ಮುಂದೆ ಆ ಪೊರೆಯಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ನಿಧಾನವಾಗಿ ತುಂಬಿಕೊಳ್ಳುತ್ತದೆ. ಆರೇಳು ವಾರದ ಹೊತ್ತಿಗೆ ಹಳದಿಯೋ ಹಸಿರೋ ಇಣುಕತೊಡಗುತ್ತದೆ. ನೀಲಿ ಎಂಬ ಹೆಸರನ್ನು ದೊಡ್ಡವಳು ತಾನೇ ಕೈಬಿಟ್ಟಳು.

ಚಿಕ್ಕವನಿಗೆ ಹಸಿವು. ಒಲೆಗೆ ಎರಡು ಸೌದೆ ಹೆಚ್ಚಿಗೆ ತುರುಕಿದ. ಅವ್ವ ಅವನ್ನು ಈಚೆಗೆ ಎಳೆದು, “ಬಿಡು ಕಂದ, ಸೌದೆ ದಂಡ. ಅದ್ರ ಹೊತ್ಗೆ ಅದು ಬೇಯ್ತದ” ಅಂದಳು.

ಅವ್ವನ ಮಾತು ಸರಿ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟೇ ಬೆಂಕಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಸಮುದ್ರದಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಸಿಯೂ ಇಳಿಯುತ್ತದೆ. ಗುಂಡ್ಲುಪೇಟೆ ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿ 97 ಡಿಗ್ರಿ ಮುಟ್ಟಿದಾಗಲೇ ನೀರು ಕುದಿಯುತ್ತದೆ. 1,454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟದ ತುದಿಯಲ್ಲಿ 95ಕ್ಕೇ ಕುದಿ ಬರುತ್ತದೆ. ಬೆಟ್ಟದ ಮೇಲೆ ಇದೇ ಹುರುಳಿಗೆ ಇನ್ನೂ ಹೊತ್ತು ಬೇಕು. ಪ್ರೆಷರ್ ಕುಕ್ಕರಿನಲ್ಲಿ ಆವಿಯನ್ನು ಕೂಡಿಹಾಕಿ ಒತ್ತಡ ಏರಿಸುವುದರಿಂದ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ, ಕಾಳು ಬೇಗ ಬೇಯುತ್ತದೆ.

ಬೇಯುವುದು ಅಂದರೇನು? ಕಾಳಿನೊಳಗಿನ ಪುಟ್ಟ ಪುಟ್ಟ ಜೀವಕೋಶಗಳು ಗೋಡೆಯ ಇಟ್ಟಿಗೆಗಳ ಹಾಗೆ ಅಂಟಿಕೊಂಡಿರುತ್ತವೆ. ನಡುವೆ ಇರುವ ಗಾರೆಯೇ ಪೆಕ್ಟಿನ್. ಬಿಸಿನೀರಿನಲ್ಲಿ ಆ ಗಾರೆ ಮೆಲ್ಲಗೆ ಕರಗಬೇಕು, ಆಗ ಕಾಳು ಬೆರಳಿಗೆ ಹಿಸುಕಲು ಸಿಗುತ್ತದೆ. ಹುಳಿ ಬಿದ್ದರೆ ಗಾರೆ ಕರಗುವುದು ತಡವಾಗುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಹಾಗೆಯೇ. ಅವ್ವ ಹುಣಸೆಹಣ್ಣನ್ನು ಕಾಳು ಬೆಂದ ಮೇಲೆಯೇ ಹಿಂಡುತ್ತಾಳೆ. ಅವಳಿಗೆ ಪೆಕ್ಟಿನ್ ಎಂಬ ಪದ ಗೊತ್ತಿಲ್ಲ, ಅದರ ಗುಣ ಮಾತ್ರ ಚೆನ್ನಾಗಿ ಗೊತ್ತು.

ಅವಳು ಕೆಂಡದ ಮೇಲೆ ತೆಳ್ಳಗೆ ಬೂದಿ ಮುಚ್ಚಿದಳು. ಬೂದಿ ಗಾಳಿಯನ್ನು ತಡೆಯುತ್ತದೆ, ಬಿಸಿಯನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕೆಂಡ ಗಂಟೆಗಟ್ಟಲೆ ಇರುತ್ತದೆ, ಮಣ್ಣಿನ ಮಡಕೆ ಹದವಾಗಿ ಬಿಸಿ ಹಿಡಿದುಕೊಂಡಿರುತ್ತದೆ.

“ಅಮೆರಿಕದ ಚಿಕ್ಕಮ್ಮನ ಮನೇಲಿ ಇದಕ್ಕೆ ಕರೆಂಟಿನ ಸ್ಲೋ ಕುಕ್ಕರ್ ಇದೆ. ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋದರೆ ಸಂಜೆಗೆ ಅಡುಗೆ ರೆಡಿ” ಎಂದಳು ದೊಡ್ಡವಳು.

ಆ ಪಾತ್ರೆಯ ಕಥೆಯೂ ಒಂದು ಹಳೆಯ ಒಲೆಗೇ ಹೋಗಿ ಮುಟ್ಟುತ್ತದೆ. ಲಿಥುವೇನಿಯಾದ ಒಂದು ಊರಿನಲ್ಲಿ ಯಹೂದಿ ಮನೆಗಳವರು ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಮಡಕೆಯನ್ನು ಬ್ರೆಡ್ ಸುಡುವವನ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ಅವರ ಧರ್ಮದ ಪ್ರಕಾರ ಶನಿವಾರ ಬೆಂಕಿ ಹೊತ್ತಿಸುವಂತಿರಲಿಲ್ಲ. ಆರುತ್ತಿರುವ ಒಲೆಯ ಬಿಸಿಯಲ್ಲೇ ಮಡಕೆ ರಾತ್ರಿಯಿಡೀ ಬೇಯುತ್ತಿತ್ತು. ಈ ಸಂಗತಿಯನ್ನು ತಾಯಿಯ ಬಾಯಿಂದ ಕೇಳಿದ್ದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್, ಮಡಕೆಯ ಸುತ್ತ ವಿದ್ಯುತ್ ಸುರುಳಿ ಸುತ್ತಿದ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ಅದು ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಮಕ್ಕಳೇ, ಮನೆಯಲ್ಲಿ ಇಂಥದ್ದಿದ್ದರೆ ಒಂದು ಮಾತು ನೆನಪಿಡಿ: ಕೆಂಪು ರಾಜ್ಮಾವನ್ನು ನೇರವಾಗಿ ಅದಕ್ಕೆ ಹಾಕಬಾರದು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಸ್ತುವಿದೆ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿದ ಮೇಲೆಯೇ ಸಣ್ಣ ಬಿಸಿಗೆ ಇಡಬೇಕು.

ಇಷ್ಟರಲ್ಲಿ ಮೂರು ಬಣ್ಣದ ಮರಿ ಮಂಕರಿಯಿಂದ ತಲೆ ಎತ್ತಿತು. “ಇದು ರಾಜ” ಎಂದ ಚಿಕ್ಕವನು. ನಾನು ಅದನ್ನು ಎತ್ತಿ ನೋಡಲೂ ಇಲ್ಲ, “ಇದು ಹೆಣ್ಣು ಕಣೋ” ಅಂದೆ. ಹೇಗೆ ಗೊತ್ತಾಯಿತೆಂದು ಇಬ್ಬರಿಗೂ ಅಚ್ಚರಿ. ಬೆಕ್ಕುಗಳಲ್ಲಿ ಕೂದಲು ಕೇಸರಿಯೋ ಕಪ್ಪೋ ಎಂದು ತೀರ್ಮಾನಿಸುವ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಎಕ್ಸ್ ಒಂದೇ, ಹೆಣ್ಣಿಗೆ ಎರಡು. ಹೆಣ್ಣುಮರಿ ತಾಯಿಯ ಹೊಟ್ಟೆಯಲ್ಲಿ ತೀರಾ ಚಿಕ್ಕದಿರುವಾಗಲೇ ಅದರ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದು ಎಕ್ಸನ್ನು ಮಡಿಸಿಟ್ಟುಬಿಡುತ್ತದೆ. ಒಂದೆಡೆ ಕೇಸರಿಯ ಎಕ್ಸ್ ಕೆಲಸ ಮಾಡಿದರೆ, ಪಕ್ಕದಲ್ಲಿ ಕಪ್ಪಿನದು. ಮೈಮೇಲೆ ತೇಪೆ ಮೂಡುವುದು ಹೀಗೆ. ಬಿಳಿಗೆ ಬೇರೆ ಜೀನ್ ಇದೆ. ಎಕ್ಸ್ ಹೀಗೆ ಮಡಿಚಿಕೊಳ್ಳುತ್ತದೆಂದು 1961ರಲ್ಲಿ ಹೇಳಿದವರು ಇಂಗ್ಲೆಂಡಿನ ವಿಜ್ಞಾನಿ ಮೇರಿ ಲಯನ್. ಮೂರು ಬಣ್ಣದ ಗಂಡು ಹುಟ್ಟುವುದು ಬಹಳ ಅಪರೂಪ.

ಗುಂಡ್ಲುಪೇಟೆಯ ಹೊಲಗಳಲ್ಲಿ ಅರಳುವ ಚೆಂಡುಹೂವಿನ ಬಣ್ಣ ಅದರ ಬೆನ್ನ ಮೇಲಿತ್ತು. ಹೆಸರು ಚೆಂಡಿ ಎಂದಾಯಿತು.

ಪಟ್ಟೆ ಮರಿಗೆ ಪ್ರಿನ್ಸ್ ಎಂದು ಚಿಕ್ಕವನು ಹಟ ಹಿಡಿದ. ಬಂಡೀಪುರದಲ್ಲಿ ಆ ಹೆಸರಿನ ಹುಲಿಯೊಂದಿತ್ತು, ಸಫಾರಿಗೆ ಹೋದವರಿಗೆ ಅಂಜದೆ ಕಾಣಿಸಿಕೊಳ್ಳುತ್ತಿತ್ತು. 2017ರಲ್ಲಿ ಅದು ತೀರಿಕೊಂಡಿತು. ಒಂದು ಹುಲಿಯ ಪಟ್ಟೆಯ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳ ಚಿತ್ರ ನೋಡಿ ಹುಲಿಗಳನ್ನು ಗುರುತಿಸಿ ಎಣಿಸುವುದು ಇದರಿಂದಲೇ. ಪ್ರಿನ್ಸ್ ಒಳ್ಳೆಯ ಹೆಸರು, ನಾನೂ ಒಪ್ಪಿದೆ.

ಕರಿಯದ್ದಕ್ಕೆ ಹೆಸರಿಟ್ಟವಳು ಅವ್ವ. ಮಡಕೆ ಇಳಿಸುತ್ತಾ, “ಹುರುಳಿ ಅನ್ನಿ” ಅಂದಳು.

ಹೆಸರಿಟ್ಟರೆ ಅವಕ್ಕೆ ತಿಳಿಯುತ್ತದೆಯೇ? ಜಪಾನಿನ ಅತ್ಸುಕೊ ಸೈತೊ ಮತ್ತು ಜೊತೆಗಾರರು 78 ಬೆಕ್ಕುಗಳನ್ನು ಇಟ್ಟುಕೊಂಡು ಪರೀಕ್ಷಿಸಿ 2019ರಲ್ಲಿ ಉತ್ತರ ಕೊಟ್ಟರು. ಹೆಸರಿನಷ್ಟೇ ಉದ್ದದ ನಾಲ್ಕು ಬೇರೆ ಪದಗಳನ್ನು ಒಂದಾದ ಮೇಲೊಂದು ಕೇಳಿಸಿದರು. ಬೆಕ್ಕುಗಳ ಗಮನ ಸಡಿಲವಾಯಿತು. ಆಮೇಲೆ ಅವುಗಳ ಹೆಸರು ಕೇಳಿಸಿದಾಗ ಅನೇಕ ಬೆಕ್ಕುಗಳ ಕಿವಿ ಅಲುಗಿತು, ತಲೆ ತಿರುಗಿತು. ಗುರುತಿಲ್ಲದವರು ಕರೆದಾಗಲೂ ಹಾಗೆಯೇ. ಆದರೆ ಹತ್ತಾರು ಬೆಕ್ಕುಗಳಿರುವ ಕೆಫೆಯಲ್ಲಿ ಬೆಳೆದವು ತಮ್ಮ ಹೆಸರನ್ನೂ ಜೊತೆಯವುಗಳ ಹೆಸರನ್ನೂ ಬೇರೆ ಮಾಡಿ ತಿಳಿಯಲಿಲ್ಲ. ಆದ್ದರಿಂದ ಊಟ ಇಡುವಾಗ ಒಂದೊಂದನ್ನೂ ಅದರದೇ ಹೆಸರು ಹಿಡಿದು, ದಿನವೂ ಒಂದೇ ಹೆಸರಿನಿಂದ ಕರೆಯಿರಿ ಎಂದು ಮಕ್ಕಳಿಗೆ ಹೇಳಿದೆ.

ಮುದ್ದೆ, ಹುರುಳಿ ಸಾರು ಬಡಿಸಿದಾಗ ಚಿಕ್ಕವನು ತಾಯಿಕೊತ್ತಿಯ ಮುಂದೆ ಸಾರು ಸುರಿಯಲು ಹೋದ. ತಡೆದೆ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇತ್ತು. ಅವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸುವಿನ ಹಾಲೂ ಬಹಳ ಬೆಕ್ಕುಗಳ ಹೊಟ್ಟೆಗೆ ಒಗ್ಗುವುದಿಲ್ಲ. ಒಂದು ಬಟ್ಟಲು ನೀರು, ಬೇಯಿಸಿದ ಮೊಟ್ಟೆಯ ಚೂರು ಇಟ್ಟೆವು.

ಸಂಕ್ರಾಂತಿಗೆ ಮತ್ತೆ ಹೋದಾಗ ಚೆಂಡಿಯ ಕಣ್ಣು ಹಳದಿ, ಪ್ರಿನ್ಸನದು ಹಸಿರು, ಹುರುಳಿಯದು ಜೇನಿನ ಬಣ್ಣ. ನೀಲಿ ಒಂದರಲ್ಲೂ ಉಳಿದಿರಲಿಲ್ಲ.