ಪಹಣಿಯ ನಾಲ್ಕು ಅಂಕಣ, ಕಂಟ್ರೋಲಿನ ನಾಲ್ಕು ಪ್ರಾಪರ್ಟಿ



ತಂತ್ರಾಂಶದ ಪರದೆಗಾಗಿ ನಾವೇ ಕಟ್ಟುವ ಕಂಟ್ರೋಲುಗಳಲ್ಲಿ ಒಂದಕ್ಕೊಂದು ನಂಟಿರುವ ಪ್ರಾಪರ್ಟಿಗಳನ್ನು ಹೇಗೆ ಬೆಸೆಯಬೇಕು ಎಂಬುದು ಇಂದಿನ ಚರ್ಚೆಯ ವಿಷಯ. ಇದನ್ನು ಕಲಿಸುವಾಗ ಸಾಮಾನ್ಯವಾಗಿ ಸ್ಲೈಡರಿನ ಉದಾಹರಣೆ ಕೊಡುತ್ತಾರೆ. ನಾನು ಜಮೀನಿನ ಹಕ್ಕು, ಅಳತೆಗಳ ದಾಖಲೆಯಾದ ಪಹಣಿಯನ್ನು ಎತ್ತಿಕೊಳ್ಳುತ್ತೇನೆ. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ಎರಡು ದಶಕ ದಾಟಿದೆ. ನಿಮ್ಮಲ್ಲಿ ಹಲವರು ನಾಳೆ ಬರೆಯುವ ತಂತ್ರಾಂಶದಲ್ಲಿ ಜಮೀನಿನ ಅಳತೆ ತುಂಬುವ ಒಂದು ಕಂಟ್ರೋಲು ಇದ್ದೇ ಇರುತ್ತದೆ. ಅಲ್ಲಿ ನಾವು ಮಾಡುವ ತಪ್ಪು ಒಂದು ಕುಟುಂಬದ ಹೊಲಕ್ಕೆ ತಟ್ಟುತ್ತದೆ.

ಮೊದಲು ಎಕರೆ, ಗುಂಟೆ. ಎರಡು ಎಕರೆ ಮೂವತ್ತೇಳು ಗುಂಟೆಯನ್ನು ನಮ್ಮವರು 2-37 ಎಂದು ಬರೆಯುತ್ತಾರೆ. ಅವಸರದ ಪ್ರೋಗ್ರಾಮರ್ ಅದನ್ನು 2.37 ಎಂಬ ದಶಮಾಂಶವಾಗಿ ಇಟ್ಟುಬಿಡುತ್ತಾನೆ. ಅದಕ್ಕೆ 1.15 ಕೂಡಿದರೆ 3.52 ಬರುತ್ತದೆ. ಎಕರೆಗೆ 40 ಗುಂಟೆಯೇ ಇರುವಾಗ 52 ಗುಂಟೆ ಎಲ್ಲಿಂದ ಬಂತು? ಸರಿಯಾದ ಉತ್ತರ 4-12. ಹಾಗಾಗಿ ಎಕರೆ, ಗುಂಟೆ, ಆಣೆ ಎಂದು ಮೂರು ಪ್ರಾಪರ್ಟಿಗಳನ್ನು ಬೇರೆ ಬೇರೆಯಾಗಿ ಉಳಿಸುವುದೇ ಬೇಡ. ಗುಂಟೆಗೆ 16 ಆಣೆ. 2-37 ಎಂದರೆ 1,872 ಆಣೆ. ಆ ಒಂದು ಪೂರ್ಣಾಂಕ ಮಾತ್ರ ಒಳಗಿರಲಿ. ಪರದೆಯ ಮೇಲೆ ಕಾಣುವ ಮೂರು ಪೆಟ್ಟಿಗೆಗಳೂ ಅದರಿಂದಲೇ ಹುಟ್ಟಲಿ.

ಅದೇ ಕಂಟ್ರೋಲಿಗೆ ಹೆಕ್ಟೇರನ್ನೂ ಸೇರಿಸಿ, ಎರಡೂ ದಿಕ್ಕಿಗೆ ಬೈಂಡಿಂಗ್ ಕಟ್ಟಿದರೆ, ಅಂದರೆ ಯಾವುದು ಬದಲಾದರೂ ಇನ್ನೊಂದು ತಾನಾಗಿ ಬದಲಾಗುವಂತೆ ಬೆಸೆದರೆ, ಏನಾಗುತ್ತದೆ ನೋಡಿ. ಒಂದು ಎಕರೆ ಎಂದರೆ 0.4047 ಹೆಕ್ಟೇರ್. ಪೆಟ್ಟಿಗೆಯಲ್ಲಿ ಎರಡೇ ದಶಮಾಂಶಕ್ಕೆ ಜಾಗವಿದ್ದರೆ ಅದು 0.40 ಆಗುತ್ತದೆ. ಆ 0.40 ಹಿಂದಕ್ಕೆ ಹರಿದು ಬಂದಾಗ ಎಕರೆಯ ಪೆಟ್ಟಿಗೆಯಲ್ಲಿ ಉಳಿಯುವುದು ಸುಮಾರು ಮೂವತ್ತೊಂಬತ್ತೂವರೆ ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ ಸುಮಾರು 500 ಚದರ ಅಡಿ ನೆಲ ಮಾಯ. ಯಾರೂ ಏನನ್ನೂ ಬದಲಿಸಿಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕರ್ಸರ್ ಸರಿದಿದೆ ಅಷ್ಟೆ. ತುಮಕೂರಿನ ಹೊರವಲಯದಲ್ಲಿ ಇಪ್ಪತ್ತು-ಮೂವತ್ತರ ಸೈಟಿಗಾಗಿ ದುಡಿಯುವವರಿಗೆ 500 ಚದರ ಅಡಿ ಸಣ್ಣದಲ್ಲ. 2010ರಲ್ಲಿ ಬಂದ ವೆಬ್ ಚೌಕಟ್ಟು ಆಂಗ್ಯುಲರ್‌ಜೆಎಸ್ ಎರಡು ದಿಕ್ಕಿನ ಬೈಂಡಿಂಗನ್ನು ಜನಪ್ರಿಯಗೊಳಿಸಿತು. ಮೌಲ್ಯಗಳು ಸ್ಥಿರವಾಗದೆ ಸುತ್ತುತ್ತಲೇ ಇದ್ದರೆ ಹತ್ತು ಸುತ್ತಿಗೆ ಅದು ದೋಷ ಸಾರಿ ನಿಲ್ಲುತ್ತಿತ್ತು. ನಮ್ಮ ಹೆಕ್ಟೇರಿನ ತಪ್ಪು ಒಂದೇ ಸುತ್ತಿನಲ್ಲಿ ಮುಗಿದುಬಿಡುತ್ತದೆ, ಹಾಗಾಗಿ ಯಾವ ದೋಷಸಂದೇಶವೂ ಬರುವುದಿಲ್ಲ.

ಈಗ ಪಹಣಿಯ 3ನೇ ಕಾಲಂ: ಒಟ್ಟು ವಿಸ್ತೀರ್ಣ, ‘ಅ’ ಖರಾಬು, ‘ಬ’ ಖರಾಬು, ಉಳಿದದ್ದು. ನಾಲ್ಕು ಅಂಕಣಗಳಿದ್ದರೂ ಸ್ವತಂತ್ರವಾದವು ಮೂರೇ. ಉಳಿದದ್ದು ಒಟ್ಟು ವಿಸ್ತೀರ್ಣದಿಂದ ಖರಾಬನ್ನು, ಅಂದರೆ ಸಾಗುವಳಿಯ ಲೆಕ್ಕಕ್ಕೆ ಸೇರದ ನೆಲವನ್ನು, ಕಳೆದಾಗ ಬರುವಂಥದ್ದು, ಅದನ್ನು ಓದಲು ಮಾತ್ರ ಬಿಡಬೇಕು. 9ನೇ ಕಾಲಂನಲ್ಲಿ ಖಾತೆದಾರರೂ ಅವರವರ ವಿಸ್ತೀರ್ಣವೂ ಇರುತ್ತವೆ. ಅವುಗಳ ಮೊತ್ತ 3ನೇ ಕಾಲಂಗೆ ತಾಳೆಯಾಗಬೇಕು. ಹಾಗಿದ್ದರೆ ಇದನ್ನೂ ಬೈಂಡ್ ಮಾಡಿ ಕಂಪ್ಯೂಟರೇ ಸರಿಹೊಂದಿಸಿಬಿಡಲಿ ಎಂದು ತೋರುವುದು ಸಹಜ. ಕೂಡದು. 3ನೇ ಕಾಲಂನ ಬೇರು ಸರ್ವೆ ಇಲಾಖೆಯ ಅಳತೆ ದಾಖಲೆಯಾದ ಆಕಾರಬಂದ್‌ನಲ್ಲಿದೆ; 9ನೆಯದು ಕ್ರಯ, ಪೌತಿ, ವಿಭಾಗಗಳ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲಾತಿ) ಮೂಲಕ ಬೆಳೆದು ಬಂದದ್ದು. ಎರಡಕ್ಕೂ ಪ್ರತ್ಯೇಕ ಸಾಕ್ಷ್ಯವಿದೆ. ಅವು ತಾಳೆಯಾಗದಿದ್ದರೆ ಆ ವ್ಯತ್ಯಾಸವೇ ಒಂದು ಮಾಹಿತಿ. ತಾಲ್ಲೂಕು ಕಚೇರಿಗೆ ಅಲೆದವರ ಬಾಯಲ್ಲಿ ‘3 ಮತ್ತು 9 ಮಿಸ್‌ಮ್ಯಾಚ್’ ಎಂಬ ಮಾತು ಕೇಳಿರುತ್ತೀರಿ. ಕಂಟ್ರೋಲು ಅದನ್ನು ಕೆಂಪಕ್ಷರದಲ್ಲಿ ತೋರಿಸಬೇಕು, ಮುಚ್ಚಬಾರದು. ಲೆಕ್ಕದಿಂದ ಹುಟ್ಟುವ ಪ್ರಾಪರ್ಟಿ ಬೇರೆ, ತಾಳೆ ನೋಡಬೇಕಾದ ಪ್ರಾಪರ್ಟಿ ಬೇರೆ. ಈ ಭೇದವನ್ನು ನಮ್ಮ ತರಗತಿಗಳಲ್ಲಿ ಸಾಕಷ್ಟು ಒತ್ತಿ ಹೇಳುತ್ತಿಲ್ಲ ಎಂಬುದು ನನ್ನ ಕೊರಗು.

ಸ್ಲೈಡರಿನ ವಿಷಯಕ್ಕೂ ಬರೋಣ. 2006ರ ತಂತ್ರಾಂಶ ಚೌಕಟ್ಟಾದ ಡಬ್ಲ್ಯುಪಿಎಫ್‌ನಲ್ಲಿ ಗರಿಷ್ಠವನ್ನು ತಗ್ಗಿಸಿದರೆ ಮೌಲ್ಯವೂ ಕೆಳಗಿಳಿಯುತ್ತದೆ. ಆದರೆ ಮೊದಲು ಕೇಳಿದ ಮೌಲ್ಯವನ್ನು ಅದು ಮರೆಯುವುದಿಲ್ಲ. ಗರಿಷ್ಠವನ್ನು ಏರಿಸಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಕೇಳಿದ್ದನ್ನೂ ತೋರಿಸಿದ್ದನ್ನೂ ಬೇರೆಯಾಗಿ ಇಡುವ ಈ ವಿವೇಕ ನನಗೆ ಬಹಳ ಇಷ್ಟ. ಆದರೂ ಧ್ವನಿಯ ಪ್ರಮಾಣಕ್ಕೆ ಸಲ್ಲುವುದು ಜಮೀನಿಗೆ ಸಲ್ಲದು. ಗುಂಟೆಯ ಪೆಟ್ಟಿಗೆಯಲ್ಲಿ 45 ಎಂದು ಟೈಪಿಸಿದರೆ ಅದನ್ನು ಸದ್ದಿಲ್ಲದೆ 39ಕ್ಕೆ ಇಳಿಸಬೇಡಿ. 45 ಹಾಗೆಯೇ ಕಾಣಲಿ, ತಪ್ಪೆಂದು ಪಕ್ಕದಲ್ಲಿ ಹೇಳಿ.

ಇನ್ನು ತಾಲ್ಲೂಕು, ಹೋಬಳಿ, ಗ್ರಾಮದ ಡ್ರಾಪ್‌ಡೌನ್‌ಗಳು. ಗುಬ್ಬಿಯನ್ನು ಆರಿಸಿದರೆ ಕಸಬಾ, ನಿಟ್ಟೂರು, ಚೇಳೂರು, ಕಡಬ ಮೊದಲಾದವು ಬರುತ್ತವೆ. ಕುಣಿಗಲ್ ಆರಿಸಿದರೆ ಕಸಬಾ, ಅಮೃತೂರು, ಹುಲಿಯೂರುದುರ್ಗ, ಎಡೆಯೂರು ಮೊದಲಾದವು. ಎರಡರಲ್ಲೂ ಕಸಬಾ ಇದೆ! ಆಯ್ಕೆಯನ್ನು ಹೆಸರಿಗೆ ಬೆಸೆದಿದ್ದರೆ ತಾಲ್ಲೂಕು ಬದಲಾದರೂ ‘ಕಸಬಾ’ ಕದಲುವುದಿಲ್ಲ. ಹೋಬಳಿ ಬದಲಾಗಿಲ್ಲವೆಂದು ನಂಬಿದ ಗ್ರಾಮಗಳ ಪಟ್ಟಿ ಗುಬ್ಬಿಯದ್ದೇ ಉಳಿಯುತ್ತದೆ. ಸಂಕೇತಸಂಖ್ಯೆಗೆ ಬೆಸೆದರೆ ಈ ತೊಂದರೆ ಇಲ್ಲ, ಆದರೆ ಇನ್ನೊಂದಿದೆ. ಉಳಿಸಿದ ಅರ್ಜಿಯನ್ನು ತೆರೆಯುವಾಗ ಹೋಬಳಿಗಳ ಪಟ್ಟಿ ತಡವಾಗಿ ಬಂದರೆ, ಖಾಲಿ ಪಟ್ಟಿಯಲ್ಲಿ ಆ ಸಂಖ್ಯೆ ಸಿಗದೆ ಕಂಟ್ರೋಲು ಆಯ್ಕೆಯನ್ನು ಅಳಿಸುತ್ತದೆ. ಎರಡು ದಿಕ್ಕಿನ ಬೈಂಡಿಂಗ್ ಆ ಖಾಲಿತನವನ್ನೇ ದಾಖಲೆಗೂ ಬರೆಯುತ್ತದೆ. ಪಟ್ಟಿ ಬಂದ ಮೇಲೆಯೇ ಆಯ್ಕೆ ಕೂರಬೇಕು. ಬಳಕೆದಾರ ಮುಟ್ಟಿದಾಗ ಮಾತ್ರ ಅದು ಹಿಂದಕ್ಕೆ ಹರಿಯಬೇಕು.

ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ಕಂಟ್ರೋಲುಗಳನ್ನು ಕಟ್ಟಲಿದ್ದೀರಿ. ಬಣ್ಣ, ವಿನ್ಯಾಸಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷೆ ಬರೆಯಿರಿ: ಉಳಿಸಿದ ದಾಖಲೆಯನ್ನು ತೆರೆದು, ಎಲ್ಲ ಪೆಟ್ಟಿಗೆಗಳಲ್ಲೂ ಟ್ಯಾಬ್ ಒತ್ತುತ್ತಾ ಸಾಗಿ, ಏನನ್ನೂ ಬದಲಿಸದೆ ಮತ್ತೆ ಉಳಿಸಿ. ಮೊದಲಿನ ದಾಖಲೆಗೂ ಈಗಿನದಕ್ಕೂ ಒಂದು ಆಣೆಯ ವ್ಯತ್ಯಾಸ ಬಂದರೂ ಪರೀಕ್ಷೆ ಫೇಲಾಗಬೇಕು.